ನಡುವೆ ಸರ್ವರ್ ಇಲ್ಲದ ಸಂದೇಶ

ಪೀರ್-ಟು-ಪೀರ್ ಪಬ್‌ಸಬ್ (ಪಬ್ಲಿಷ್-ಸಬ್‌ಸ್ಕ್ರೈಬ್) ಜಾಲದಲ್ಲಿ ಸಂದೇಶ ಹೋಗುವುದು ವ್ಯಕ್ತಿಗಲ್ಲ, ಒಂದು ವಿಷಯದ ಹೆಸರಿಗೆ. ಆ ಹೆಸರಿಗೆ ಚಂದಾದಾರರಾದ ಕಂಪ್ಯೂಟರ್‌ಗಳೆಲ್ಲ ಅದನ್ನು ಪಡೆಯುತ್ತವೆ. ಮಂಗಳೂರಿನ ದಕ್ಕೆಯಿಂದ ಹೊರಡುವ ಬೋಟುಗಳ ವಿಎಚ್‌ಎಫ್ ವಯರ್‌ಲೆಸ್ ಇದಕ್ಕೆ ಬಹಳ ಹತ್ತಿರದ್ದು. ಒಂದು ಚಾನೆಲ್‌ನಲ್ಲಿ ಮಾತಾಡಿದರೆ, ವ್ಯಾಪ್ತಿಯೊಳಗೆ ಅದೇ ಚಾನೆಲ್ ಇಟ್ಟುಕೊಂಡವರೆಲ್ಲ ಕೇಳುತ್ತಾರೆ. ಅಪಾಯದ ಕರೆಗೆಂದು 16ನೇ ಚಾನೆಲ್ ಜಗತ್ತಿನೆಲ್ಲೆಡೆ ಗೊತ್ತುಮಾಡಲಾಗಿದೆ. ಪಬ್‌ಸಬ್ ಒಂದು ಹೆಜ್ಜೆ ಮುಂದೆ: ವ್ಯಾಪ್ತಿಯ ಆಚೆಗಿರುವವರಿಗೂ ನಡುವಿನವರು ಸಂದೇಶ ದಾಟಿಸುತ್ತಾರೆ.

ಇಂಥ ಜಾಲ ಕಟ್ಟಲು ಬಳಸುವ ಲಿಬ್‌ಪಿಟುಪಿ ಗ್ರಂಥಾಲಯದ ಗೋ ಭಾಷೆಯ ಕೋಡ್‌ನಲ್ಲಿ ಕೆಲಸ ಚಿಕ್ಕದು. 'ಜಾಯಿನ್' ಎಂದು ವಿಷಯ ಸೇರುವುದು, 'ಸಬ್‌ಸ್ಕ್ರೈಬ್' ಮಾಡುವುದು, 'ಪಬ್ಲಿಷ್'ಗೆ ಬೈಟ್‌ಗಳನ್ನು ಕೊಡುವುದು, 'ನೆಕ್ಸ್ಟ್' ಕರೆದು ಬಂದದ್ದನ್ನು ಒಂದೊಂದಾಗಿ ಓದುವುದು. ಕಳುಹಿಸಿದವರ ಸಹಿ ಸಂದೇಶದ ಜೊತೆಗೇ ಹೋಗುತ್ತದೆ. ಒಂದೇ ಲ್ಯಾಬಿನ ಯಂತ್ರಗಳು ಸ್ಥಳೀಯ ಜಾಲದೊಳಗೇ ಹುಡುಕುವ ಎಂಡಿಎನ್‌ಎಸ್ ಮೂಲಕ ಪರಸ್ಪರ ಪತ್ತೆಯಾಗುವುದರಿಂದ ಇಂಟರ್‌ನೆಟ್ ಇಲ್ಲದೆಯೂ ಪ್ರಯೋಗ ನಡೆಯುತ್ತದೆ.

ನಿಜವಾದ ಜಾಣ್ಮೆ ಇರುವುದು ಒಳಗಿನ ಗಾಸಿಪ್‌ಸಬ್ ಕ್ರಮದಲ್ಲಿ. ಪ್ರತಿ ಯಂತ್ರವೂ ಒಂದು ವಿಷಯಕ್ಕೆ ಸುಮಾರು 6 ನೆರೆಯವರಿಗೆ ಮಾತ್ರ ಪೂರ್ಣ ಸಂದೇಶ ಕೊಡುತ್ತದೆ. ಉಳಿದ ಕೆಲವರಿಗೆ 'ಇದು ನನ್ನಲ್ಲಿದೆ' ಎಂಬ ಸುದ್ದಿಯಷ್ಟೇ ತಲುಪುತ್ತದೆ. ಬೇಕಾದವರು ಕೇಳಿ ಪಡೆಯುತ್ತಾರೆ. ಪ್ರತಿ ಸಂದೇಶಕ್ಕೂ ಗುರುತಿರುವುದರಿಂದ ಒಮ್ಮೆ ಕಂಡದ್ದು ಮತ್ತೆ ಸುತ್ತುವುದಿಲ್ಲ. ಎಥೀರಿಯಮ್ ಬ್ಲಾಕ್‌ಚೈನ್ ಜಾಲದ ಬ್ಲಾಕ್‌ಗಳು 2022ರ ಸೆಪ್ಟೆಂಬರ್‌ನಿಂದ ಹರಡುತ್ತಿರುವುದು ಹೀಗೆಯೇ.

ಆದರೆ ಈ ಜಾಲ ಹಳೆಯ ಸಂದೇಶಗಳನ್ನು ಕಾದಿಡುವುದಿಲ್ಲ. ತಡವಾಗಿ ಸೇರಿದವರಿಗೂ ಅವು ಸಿಗಬೇಕಾದರೆ ಉಳಿಸಿಡುವ ವ್ಯವಸ್ಥೆಯನ್ನು ಪ್ರೋಗ್ರಾಮರ್ ಬೇರೆಯಾಗಿಯೇ ಬರೆಯಬೇಕು.