ಕುದುರೆ ಸಿಗದ ಊರು

ಫ್ರಾನ್ಸಿನ ನಕ್ಷೆಯಲ್ಲಿ ವರೆನ್ ಎಂಬ ಊರನ್ನು ಹುಡುಕಬೇಕಾದರೆ ಪ್ಯಾರಿಸ್ಸಿನಿಂದ ಬೆರಳನ್ನು ಪೂರ್ವಕ್ಕೆ ಜಾರಿಸುತ್ತ ಹೋಗಬೇಕು. ಅರ್ಗೋನ್ ಕಾಡು ದಾಟಿದರೆ ಏರ್ ಎಂಬ ಸಣ್ಣ ಹೊಳೆ, ಹೊಳೆಗೊಂದು ಸೇತುವೆ, ಸೇತುವೆಯ ಆಚೆಗೊಂದು ಈಚೆಗೊಂದು ಕೇರಿ. ಇಂದಿಗೂ ಅಲ್ಲಿ ಸಾವಿರ ಜನ ಇಲ್ಲ. ಆದರೂ ಫ್ರಾನ್ಸಿನ ಚರಿತ್ರೆ ಬರೆದವರು ಯಾರೂ ಈ ಊರನ್ನು ಬಿಟ್ಟು ಮುಂದೆ ಹೋಗಿಲ್ಲ. ಯಾಕೆ ಅಂತೀರಾ? ಒಂದು ರಾತ್ರಿ ಅಲ್ಲಿ ಕುದುರೆ ಸಿಗಲಿಲ್ಲ, ಅದಕ್ಕೆ.

ಆಗೆಲ್ಲ ದೂರ ಹೊರಟವರು ದಾರಿಯುದ್ದಕ್ಕೂ ದಣಿದ ಕುದುರೆ ಬಿಚ್ಚಿ ಹೊಸವನ್ನು ಕಟ್ಟಿಸಬೇಕಿತ್ತು. ಹೆದ್ದಾರಿಯಲ್ಲಿ ಅದಕ್ಕೆಂದೇ ಅಂಚೆಮನೆಗಳಿದ್ದವು. ವರೆನ್ ಹೆದ್ದಾರಿಯಿಂದ ಪಕ್ಕಕ್ಕಿದ್ದ ಊರು, ಅಲ್ಲಿ ಅಂಚೆಮನೆ ಇರಲಿಲ್ಲ. 1791ರ ಜೂನ್ 21ರ ರಾತ್ರಿ ಹನ್ನೊಂದರ ಸುಮಾರಿಗೆ ಭಾರೀ ಸಾರೋಟೊಂದು ಮೇಲಿನ ಕೇರಿಗೆ ಬಂತು. ರಹದಾರಿ ಪತ್ರದ ಪ್ರಕಾರ ಒಳಗಿದ್ದವರು ರಷ್ಯದ ಕಡೆಯ ಸಿರಿವಂತ ಹೆಂಗಸು, ಅವಳ ಮಕ್ಕಳು, ಆಳುಕಾಳು. ನಿಜಕ್ಕೂ ಆ ಆಳು ಹದಿನಾರನೆಯ ಲೂಯಿ ದೊರೆ. ಹುಡುಗಿಯ ಉಡುಪು ತೊಟ್ಟು ಕೂತಿದ್ದ ಪುಟ್ಟವನು ಯುವರಾಜ. ಕ್ರಾಂತಿಯ ಪ್ಯಾರಿಸ್ಸಿನಿಂದ ಗಡಿಯ ಕಡೆ ಕದ್ದು ಹೊರಟಿದ್ದರು. ಬದಲಿ ಕುದುರೆಗಳೇನೋ ಸಿದ್ಧವಾಗಿದ್ದವು, ಸೇತುವೆಯಾಚೆಯ ಕೇರಿಯಲ್ಲಿ. ಇವರು ಹುಡುಕಿದ್ದು ಈಚೆಯ ಕೇರಿಯಲ್ಲಿ!

ಕುದುರೆ ಅಂದಾಗ ಎತ್ತಿನ ಮಾತೂ ನೆನಪಾಗುತ್ತದೆ. ಇದೇ ಲೂಯಿಯ ಬಳಿಗೆ 1788ರ ಆಗಸ್ಟಿನಲ್ಲಿ ನಮ್ಮ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಹೋಗಿದ್ದರು. ಆದರೋಪಚಾರವೆಲ್ಲ ಆಯಿತು, ಕೇಳಿದ ಸೈನ್ಯ ಮಾತ್ರ ಬರಲಿಲ್ಲ. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ದಂಡಿನೊಂದಿಗೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದ. ಅವನ ಎತ್ತುಗಳು ಮೇವಿಲ್ಲದೆ ಸತ್ತವು. ಎಳೆಯುವವರಿಲ್ಲದ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂತಿರುಗಿದ. ಅಲ್ಲಿ ಎತ್ತು, ಇಲ್ಲಿ ಕುದುರೆ, ನಡುವೆ ಹೆಚ್ಚೆಂದರೆ ಒಂದು ತಿಂಗಳು. ಚರಿತ್ರೆ ಓದುವಾಗ ಗಾಡಿಯಲ್ಲಿ ಕೂತವರನ್ನೇ ನೋಡುತ್ತೇವೆ, ಎಳೆದವರನ್ನು ಯಾರು ನೋಡುತ್ತಾರೆ ಹೇಳಿ?

ಎಲ್ಲಿದ್ದೆವು? ಹಾಂ, ದೊರೆಯ ಕಡೆಯವರು ಕತ್ತಲಲ್ಲಿ ಬಾಗಿಲು ತಟ್ಟುತ್ತಿದ್ದರು. ಅಷ್ಟರಲ್ಲಿ ದಾರಿಯಲ್ಲಿ ಹಿಂದೆ ಸಿಕ್ಕಿದ್ದ ಊರಾದ ಸೇಂತ್ ಮನೂವಿನ ಅಂಚೆಮನೆಯ ಯಜಮಾನ ದ್ರೂಯೆ ಕಾಡಿನ ಒಳದಾರಿ ಹಿಡಿದು ಕುದುರೆ ಓಡಿಸಿಕೊಂಡು ಬಂದ. ಸಾರೋಟು ಅಲ್ಲಿ ನಿಂತಾಗಲೇ ಅವನಿಗೆ ರಾಣಿಯ ಗುರುತು ಸಿಕ್ಕಿತ್ತು; ನೋಟಿನ ಮೇಲಿನ ಚಿತ್ರದಿಂದ ದೊರೆಯದೂ. ಸಾಮಾನು ತುಂಬಿದ ಗಾಡಿಯೊಂದನ್ನು ಎಳೆತಂದು ಸೇತುವೆಗೆ ಅಡ್ಡ ಹಾಕಿದರು. ಇಗರ್ಜಿಯ ಕಮಾನಿನಡಿ ಸಾರೋಟು ತಡೆದರು. ಊರಿನ ಅಧಿಕಾರಿ ಸೋಸ್ ಎಂಬುವನು ಕಸುಬಿನಲ್ಲಿ ದಿನಸಿ ವ್ಯಾಪಾರಿ, ಮೇಣದಬತ್ತಿಯನ್ನೂ ಮಾರುತ್ತಿದ್ದ. ರಾಜ ಪರಿವಾರ ಅವನ ಅಂಗಡಿಯ ಮೇಲಿನ ಕೋಣೆ ಹತ್ತಿತು. ಮಕ್ಕಳು ಅವನ ಹಾಸಿಗೆಯಲ್ಲೇ ನಿದ್ದೆಹೋದರು. ಕೆಳಗೆ ಬೀದಿ ತುಂಬ ಜನ. ಬೆಳಿಗ್ಗೆ ಸಾರೋಟನ್ನು ಪ್ಯಾರಿಸ್ಸಿನ ಕಡೆಗೇ ತಿರುಗಿಸಿದರು. ಬಿಡಿಸಿಕೊಳ್ಳಲು ಸೈನ್ಯ ತಂದ ಸೇನಾಪತಿ ಬಂದು ಮುಟ್ಟಿದ್ದು ಆಮೇಲೆ.

ದೊರೆಯ ಕೊನೆ ಎಲ್ಲರಿಗೂ ಗೊತ್ತು. ನನಗೆ ದ್ರೂಯೆಯ ಕಥೆಯೇ ಹೆಚ್ಚು ಸೋಜಿಗ. ಮುಂದೆ ಅವನು ಶಾಸನಸಭೆಯ ಸದಸ್ಯನಾಗಿ ದೊರೆಯ ಮರಣದಂಡನೆಗೆ ಮತ ಹಾಕಿದ. ಯುದ್ಧದಲ್ಲಿ ಆಸ್ಟ್ರಿಯದವರ ಕೈಗೆ ಸಿಕ್ಕ. ಸೆರೆಮನೆಯಿಂದ ಬಟ್ಟೆಯ ಕೊಡೆ ಕಟ್ಟಿಕೊಂಡು ಹಾರಿ ಕಾಲು ಮುರಿದುಕೊಂಡ. 1795ರಲ್ಲಿ ಅವನನ್ನೂ ಇತರ ಕೆಲವರನ್ನೂ ಬಿಡಿಸಲು ಫ್ರಾನ್ಸ್ ಕೊಟ್ಟ ಬದಲಿ ಯಾರು ಗೊತ್ತೇ? ಲೂಯಿಯ ಮಗಳು, ಅಂದು ಆ ಸಾರೋಟಿನಲ್ಲೇ ಕೂತಿದ್ದ ಹುಡುಗಿ! ರಾಜರು ಮತ್ತೆ ಪಟ್ಟಕ್ಕೆ ಬಂದ ಮೇಲೆ ದ್ರೂಯೆ ಮಾಕೋನ್ ಪಟ್ಟಣದಲ್ಲಿ ಸುಳ್ಳು ಹೆಸರಿಟ್ಟುಕೊಂಡು ಬಾಳಿ 1824ರಲ್ಲಿ ತೀರಿಕೊಂಡ. ಮೊದಲ ಮಹಾಯುದ್ಧದಲ್ಲಿ ವರೆನ್ ನೆಲಸಮವಾಯಿತು. 1918ರ ಸೆಪ್ಟೆಂಬರ್ 26ರಂದು ಅಮೆರಿಕದ ಸೈನ್ಯ ಬಂದು ಬಿಡಿಸಿತು. ಈಗಿನ ಮನೆಗಳು ಆಮೇಲೆ ಕಟ್ಟಿದವು.

ಇಷ್ಟು ಹೇಳಿ ಊಟದ ಮಾತು ಬಿಡಲಾದೀತೇ? ಸೇಂತ್ ಮನೂ ಹಂದಿಕಾಲಿಗೆ ಹೆಸರುವಾಸಿ. ಮೂಳೆಯೂ ಮೆತ್ತಗಾಗಿ ಅಗಿಯಲು ಬರುವಷ್ಟು ಹೊತ್ತು ಅದನ್ನು ಬೇಯಿಸುತ್ತಾರೆ. ಲೂಯಿ ಅದನ್ನು ತಿನ್ನುತ್ತ ಕೂತು ತಡಮಾಡಿಕೊಂಡನಂತೆ ಎಂಬ ಕಥೆ ಆಗಲೇ ಹಬ್ಬಿತ್ತು. ಅದು ಸುಳ್ಳು. ಅವನು ಅಲ್ಲಿ ಸಾರೋಟಿನಿಂದ ಇಳಿಯಲೇ ಇಲ್ಲ.