ಕನ್ನಡದಲ್ಲಿ ಬಂದ ಕರೆ

ಮಡಕಶಿರ ಕಡೆಯ ನಮ್ಮ ದೊಡ್ಡಮ್ಮನಿಗೆ ಈಗ ಎಪ್ಪತ್ತಾರು. ಕಲಿತದ್ದು ಕನ್ನಡದಲ್ಲಿ ನಾಲ್ಕನೆಯ ತರಗತಿ. ತೆಲುಗು ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಪಡಿತರದಂಗಡಿಗೆ ಬೆರಳಚ್ಚಿನ ಯಂತ್ರ ಬಂದ ಹೊಸದರಲ್ಲಿ, ವರ್ಷಗಟ್ಟಲೆ ಹುಣಸೆಹಣ್ಣು ಕುಟ್ಟಿ ಗೆರೆ ಸವೆದ ಅವರ ಬೆರಳನ್ನು ಅದು ಮೂರು ನಾಲ್ಕು ಸಲ ಒಲ್ಲೆನ್ನುತ್ತಿತ್ತು. ಆದರೂ ಅವರಿಗೆ ಆ ಯಂತ್ರದ ಮೇಲೆ ಸಿಟ್ಟಿರಲಿಲ್ಲ. "ನನ್ನ ಅಕ್ಕಿ ಇನ್ನೊಬ್ಬರು ಎತ್ತೋ ಹಾಗಿಲ್ಲ ಕಣಪ್ಪ" ಎನ್ನುತ್ತಿದ್ದರು. ಆ ಮಾತಿನಲ್ಲಿ ನಿಜವಿತ್ತು.

ಗಡಿಯವರಾದ ನಮಗೆ ಕಚೇರಿಗಳು ಬದಲಾಗುವುದು ಹೊಸತಲ್ಲ. ನಾನು ಪಾಠ ಹೇಳಿದ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲೇ ಇದ್ದ ಮಡಕಶಿರ 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯದಾಯಿತು. ಕಾಗದ ಯಾವ ಲಿಪಿಯಲ್ಲಿದ್ದರೂ, 1984ರಲ್ಲಿ ಆ ಹುದ್ದೆ ರದ್ದಾಗುವವರೆಗೆ ನಮ್ಮೂರ ಕರಣಂ ಜಗಲಿಯ ಮೇಲೆ ಕುಳಿತು ಅದರ ಅರ್ಥವನ್ನು ಕನ್ನಡದಲ್ಲೇ ಹೇಳುತ್ತಿದ್ದರು. (ಆತನೂ ಕೈಬಿಸಿ ಇಲ್ಲದೆ ಹೇಳುತ್ತಿರಲಿಲ್ಲವೆಂಬುದು ಬೇರೆ ಮಾತು.) ಇಂದು ಭೂಮಿಯ ಅಡಂಗಲ್, ಪಿಂಚಣಿ, ಬ್ಯಾಂಕಿನ ಲೆಕ್ಕ ಎಲ್ಲವೂ ಫೋನಿನೊಳಗಿವೆ, ಅರ್ಥ ಹೇಳುವ ಜಗಲಿ ಮಾತ್ರ ಇಲ್ಲ.

ಎರಡು ವರ್ಷದ ಕೆಳಗೆ ದೊಡ್ಡಮ್ಮನಿಗೆ ಒಂದು ಕರೆ ಬಂತು. "ಅಮ್ಮಾ, ಚೆನ್ನಾಗಿದ್ದೀರಾ? ನಿಮ್ಮ ಆಧಾರ್ ನಿಂತುಹೋಗಿದೆ, ಸರಿಮಾಡಿಕೊಡುತ್ತೇನೆ." ಅಚ್ಚ ಕನ್ನಡ, ಅವಸರವಿಲ್ಲದ ದನಿ. ಫೋನಿಗೆ ಬಂದ ಆರು ಅಂಕಿಗಳನ್ನು ದೊಡ್ಡಮ್ಮ ಒಂದೊಂದಾಗಿ ಓದಿ ಹೇಳಿದರು. ಹುಣಸೆಯ ದುಡಿಮೆಯಿಂದ ಕೂಡಿಟ್ಟಿದ್ದ ಹದಿನೆಂಟು ಸಾವಿರ ರೂಪಾಯಿ ಹೋಯಿತು.

"ಅಷ್ಟು ಬೇಗ ಹೇಗೆ ನಂಬಿದಿರಿ?" ಎಂದು ನಾನು ರೇಗಿದೆ. ಅವರು ತಲೆ ತಗ್ಗಿಸಿ, "ಇಷ್ಟು ವರ್ಷಕ್ಕೆ ಆಫೀಸಿನವರು ಅಂತ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದವನು ಅವನೊಬ್ಬನೇ ಕಣಪ್ಪ" ಎಂದರು.

ನನಗೆ ಮಾತು ಹೊರಡಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಕರೆಗೆ ಒಂದು ತಿಂಗಳ ಮುಂಚೆ ಊರಿಗೆ ಹೋಗಿದ್ದಾಗ ಅವರು ಫೋನು ಹಿಡಿದು, "ಇದೇನೋ ಬಂದಿದೆ, ನೋಡು" ಎಂದಿದ್ದರು. ಅಂಕಿಯನ್ನು ಯಾರಿಗೂ ತಿಳಿಸಬೇಡಿರೆಂಬ ಎಚ್ಚರಿಕೆ, ಇಂಗ್ಲಿಷಿನಲ್ಲಿತ್ತು. ಬಸ್ಸಿನ ಹೊತ್ತಾಗಿದ್ದ ನಾನು, "ಏನಿಲ್ಲ ಬಿಡಿ ದೊಡ್ಡಮ್ಮ, ಬ್ಯಾಂಕಿನವರದು" ಎಂದು ಹೊರಟಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಓದಲು ಕಲಿಸಿದವನಿಗೆ ಎರಡು ಸಾಲು ಓದಿಹೇಳಲು ಪುರುಸೊತ್ತಿರಲಿಲ್ಲ.

ಇಂಥ ವಂಚನೆಗೆ 1930 ಎಂಬ ಸಹಾಯವಾಣಿಯಿದೆ. ಕೂಡಲೇ ತಿಳಿಸಿದರೆ ಹಣ ಕಳ್ಳನ ಖಾತೆಯಲ್ಲಿರುವಾಗಲೇ ತಡೆಯಲು ಸಾಧ್ಯ. ನಾವು ತಿಳಿಸಿದ್ದು ಮೂರನೆಯ ದಿನ. ಆಧಾರಿನ ವಿಚಾರಕ್ಕೆ 1947ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉತ್ತರ ದೊರೆಯುತ್ತದೆಂಬುದೂ ನನಗೆ ತಿಳಿದದ್ದು ಆಮೇಲೆ.

ಈ ಎರಡು ಸಂಖ್ಯೆಗಳನ್ನು, "ಫೋನಿಗೆ ಬಂದ ಅಂಕಿ ಯಾರಿಗೂ ಹೇಳಬಾರದು" ಎಂಬ ಮಾತನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ದೇವರ ಗೂಡಿನ ಪಕ್ಕ ನೇತುಹಾಕಿದ್ದಾರೆ. ಈಚೆಗೆ ಹೋದಾಗ ಆ ಬೀದಿಯ ಇನ್ನೂ ನಾಲ್ಕು ಮನೆಯವರು ಅಂಥದೇ ರಟ್ಟು ಕೇಳಿದರು. ಜಗಲಿಯ ಮೇಲೆ ಕುಳಿತು ಬರೆದೆ; ಅವರವರ ಫೋನಿಗೆ ಬಂದಿದ್ದನ್ನೂ ಓದಿ ಹೇಳಿದೆ. ಸಂಜೆಯ ಬಸ್ಸು ತಪ್ಪಿತು.