ಮುದುಕನ ಕೈಯಲ್ಲಿ ಲಾಟೀನು

ನನ್ನ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ, ನಾಲ್ಕು ಕಟ್ಟು ಟ್ಯಾರೋ ಎಲೆಗಳಿವೆ. ಅಡಿಯಲ್ಲಿ ಯಾಕೆ ಅಂದರೆ ಮನೆಗೆ ಬಂದವರ ಕಣ್ಣಿಗೆ ಬೀಳಬಾರದು. ಜಾತಕ ನೋಡದೆ ಮದುವೆಯಾದವಳು, ವಾಸ್ತು ಕೇಳದೆ ಮನೆ ಕೊಂಡವಳು, ಬೇಕೆಂದೇ ರಾಹುಕಾಲ ನೋಡಿಕೊಂಡು ಬ್ಯಾಂಕಿಗೆ ಹೋಗುವವಳು ನಾನು. ಇಂಥವಳ ಮನೆಯಲ್ಲಿ ಕಣಿ ಹೇಳುವ ಎಲೆ ಸಿಕ್ಕಿತು ಅಂದರೆ ಇಷ್ಟು ವರ್ಷ ಕಟ್ಟಿಕೊಂಡ ಮರ್ಯಾದೆಯ ಗತಿಯೇನು?

ಸಿಕ್ಕಿಬಿದ್ದಾಗ ಹೇಳಲು ಒಂದು ಮಾತು ಸಿದ್ಧವಾಗಿದೆ. ನಾನು ಭವಿಷ್ಯ ಕೇಳುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತ ಒಂದು ಎಲೆ ತೆಗೆಯುತ್ತೇನೆ, ಚಿತ್ರ ನೋಡುತ್ತೇನೆ, ಅದನ್ನು ನೋಡಿ ನನಗೇನು ಅನ್ನಿಸಿತೋ ಅದನ್ನು ಗಮನಿಸುತ್ತೇನೆ. ಕನ್ನಡಿ ಇದ್ದ ಹಾಗೆ. ಕೇಳಿದವರು ತಲೆಯಾಡಿಸುತ್ತಾರೆ. ಕನ್ನಡಿಯ ಮಾತು ಸುಳ್ಳಲ್ಲ. ಆದರೆ ಒಂದೇ ಮುಖಕ್ಕೆ ನಾಲ್ಕು ಕನ್ನಡಿ ಯಾಕೆ ಬೇಕಾಯಿತು ಅಂತ ಯಾರೂ ಕೇಳಿಲ್ಲ. ಕೇಳಿದ್ದರೆ ತಡವರಿಸುತ್ತಿದ್ದೆ.

ಮೊದಲ ಕಟ್ಟು ಎಲ್ಲರಲ್ಲೂ ಇರುವಂಥದ್ದೇ. 1909ರ ಕೊನೆಗೆ ಲಂಡನ್ನಿನ ವಿಲಿಯಂ ರೈಡರ್ ಕಂಪನಿ ಹೊರತಂದದ್ದು. ಯೋಜನೆ ಆರ್ಥರ್ ಎಡ್ವರ್ಡ್ ವೇಯ್ಟ್ ಎಂಬಾತನದು, ಚಿತ್ರಗಳೆಲ್ಲ ಪಮೇಲಾ ಕೋಲ್ಮನ್ ಸ್ಮಿತ್‌ಳದು. ಕೆಲವೇ ತಿಂಗಳಲ್ಲಿ ಅಷ್ಟೂ ಎಲೆ ಬರೆದು ಮುಗಿಸಿದ ಮೇಲೆ ಆಕೆ ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಬರೆದ ಪತ್ರದಲ್ಲಿ ಕೆಲಸ ದೊಡ್ಡದು, ಕಾಸು ಚಿಕ್ಕದು ಎಂದು ಗೊಣಗಿದ್ದಾಳೆ. ಅನುವಾದದ ಕೂಲಿಯಲ್ಲಿ ಬದುಕುವ ನನಗೆ ಆ ಗೊಣಗಾಟ ತೀರ ಹತ್ತಿರದ್ದು. ದಶಕಗಳ ಕಾಲ ಆ ಕಟ್ಟಿಗೆ ಪ್ರಕಾಶಕನ ಹೆಸರಿತ್ತು, ಯೋಜಕನ ಹೆಸರಿತ್ತು, ಬರೆದವಳದ್ದು ಮಾತ್ರ ಇರಲಿಲ್ಲ. 1951ರಲ್ಲಿ ಕಾರ್ನ್‌ವಾಲ್‌ನ ಬ್ಯೂಡ್ ಎಂಬ ಊರಲ್ಲಿ ಸಾಲ ಉಳಿಸಿ ತೀರಿಕೊಂಡಳು. ಎಲೆಯ ಮೂಲೆಯಲ್ಲಿ ಹಾವು ಸುತ್ತಿಕೊಂಡಂತೆ ಅವಳ ಮೂರಕ್ಷರದ ಗುರುತಿದೆ. ಎಲೆ ತೆಗೆದಾಗ ಮೊದಲು ಅದನ್ನು ಹುಡುಕುತ್ತೇನೆ.

ಆ ಕಟ್ಟಿನ ಒಂಬತ್ತನೆಯ ಎಲೆ ಹರ್ಮಿಟ್. ಬೂದು ನಿಲುವಂಗಿ ತೊಟ್ಟ ಮುದುಕ ಹಿಮದ ತುದಿಯಲ್ಲಿ ಒಬ್ಬನೇ ನಿಂತಿದ್ದಾನೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಎತ್ತಿಹಿಡಿದ ಲಾಟೀನು, ಲಾಟೀನಿನೊಳಗೆ ಆರು ಮೂಲೆಯ ನಕ್ಷತ್ರ. ಅಮ್ಮ ಹೋದ ವರ್ಷ, ಒಂದೇ ತಿಂಗಳಲ್ಲಿ ಈ ಎಲೆ ನನಗೆ ಮೂರು ಸಲ ಬಂತು. 78ರಲ್ಲಿ ಒಂದು ಎಲೆ ಹಾಗೆ ಬರುವುದು ಅಪರೂಪ, ಅಸಾಧ್ಯವಲ್ಲ. ನಾನು ಎಲೆ ಕಲಸುವುದೂ ಅಷ್ಟಕ್ಕಷ್ಟೆ. ಆದರೆ ಆಗ ಹಾಗೆ ಯೋಚಿಸಲಿಲ್ಲ. ನೋಡು, ನಿನಗೀಗ ಏಕಾಂತ ಬೇಕು, ದುಃಖವನ್ನು ಒಬ್ಬಳೇ ಕೂತು ಅರಗಿಸಿಕೋ ಅಂತ ಎಲೆ ಹೇಳುತ್ತಿದೆ ಅಂದುಕೊಂಡೆ. ಡೈರಿಯಲ್ಲಿ ಹಾಗೆಯೇ ಬರೆದಿಟ್ಟೆ, ಅಂದವಾದ ಅಕ್ಷರದಲ್ಲಿ.

ಅದೇ ತಿಂಗಳು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪನೂ ಒಬ್ಬನೇ ಇದ್ದ.

ಅಪ್ಪ ಯಾವತ್ತೂ ‘ಬಾ’ ಅನ್ನುವವನಲ್ಲ. ಫೋನು ಮಾಡಿ ‘ಮಳೆ ಹೊಳವಾಗಿದೆ’ ಅನ್ನುತ್ತಾನೆ. ಅಂದರೆ ದಾರಿ ಸರಿಯಾಗಿದೆ. ‘ಹಲಸು ಸುಮ್ಮನೆ ಬಿದ್ದು ಕೊಳೀತಿದೆ’ ಅನ್ನುತ್ತಾನೆ. ಅಂದರೆ ತಿನ್ನುವವರಿಲ್ಲ. ‘ನಿನ್ನೆ ಅನ್ನ ಜಾಸ್ತಿ ಆಯ್ತು’ ಅಂತ ಒಮ್ಮೆ ಅಂದ. ಒಬ್ಬರಿಗೆ ಎಷ್ಟು ಅಕ್ಕಿ ಹಾಕಬೇಕೆಂದು ಅವನಿಗೆ ಇನ್ನೂ ಅಂದಾಜು ಸಿಕ್ಕಿರಲಿಲ್ಲ. ನಾನು ‘ಹೌದಾ’ ಅಂದೆ. ಎರಡು ಭಾಷೆಯ ನಡುವೆ ಅರ್ಥ ಸಾಗಿಸುವುದೇ ಕಸುಬಾದವಳಿಗೆ ಈ ವಾಕ್ಯಗಳು ತಿಳಿಯಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. ತಿಳಿದಿತ್ತು. ನನ್ನ ಕೆಲಸಕ್ಕೆ ಒಂದು ಲ್ಯಾಪ್‌ಟಾಪು, ಒಂದು ಕಿಟಕಿ ಸಾಕು. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಪ್ಪನ ಜಗಲಿ. ಹೋಗಲಿಲ್ಲ. ಅಮ್ಮನಿಲ್ಲದ ಅಡುಗೆಮನೆಗೆ ಕಾಲಿಡುವ ಧೈರ್ಯ ನನಗಿರಲಿಲ್ಲ. ಆ ಹೇಡಿತನಕ್ಕೆ ಲಾಟೀನು ಹಿಡಿದ ಋಷಿಯೊಬ್ಬ ಬೇಕಾಗಿದ್ದ, ಸಿಕ್ಕ.

ಮುಂದಿನ ತಿಂಗಳು ಬಟ್ಟಲು ಐದು ಬಂತು. ಕಪ್ಪು ಮೇಲಂಗಿ ಹೊದ್ದ ಒಬ್ಬರು ತಲೆ ತಗ್ಗಿಸಿ ನಿಂತಿದ್ದಾರೆ. ಎದುರಿಗೆ ಮೂರು ಬಟ್ಟಲು ಮಗುಚಿ ಚೆಲ್ಲಿವೆ. ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ, ಅವನ್ನು ನೋಡುತ್ತಿಲ್ಲ. ದೂರದಲ್ಲಿ ಹೊಳೆ, ಹೊಳೆಗೆ ಸೇತುವೆ, ಆಚೆ ದಡದಲ್ಲಿ ಮನೆ. ಇಷ್ಟು ಬಿಡಿಸಿ ಹೇಳುವ ಚಿತ್ರ ನನಗೆ ಇಷ್ಟವಾಗಲಿಲ್ಲ. ಪಮೇಲಾಳ ಕೈಗೆ ಕಥೆ ಹೇಳುವ ಚಪಲ ಜಾಸ್ತಿ, ಎಲೆಗಳು ಹೀಗೆ ನಾಟಕ ಆಡಬಾರದು ಅಂತ ಗೆಳತಿಯೊಬ್ಬಳ ಹತ್ತಿರ ವಿಮರ್ಶೆ ಮಾಡಿದೆ. ವಾರದೊಳಗೆ ಎರಡನೆಯ ಕಟ್ಟು ತರಿಸಿದೆ: 1760 ಎಂಬ ಇಸವಿ ಹೊತ್ತ, ಮಾರ್ಸೇಯ್‌ನ ನಿಕೊಲಾ ಕೊನ್ವೇರ್‌ನ ಮರದಚ್ಚಿನ ಎಲೆಗಳ ಪ್ರತಿ. ಅದರಲ್ಲಿ ಬಟ್ಟಲು ಐದು ಅಂದರೆ ಐದು ಬಟ್ಟಲು, ಸುತ್ತ ಒಂದಿಷ್ಟು ಹೂಬಳ್ಳಿ. ಯಾರೂ ಅಳುತ್ತಿಲ್ಲ, ಯಾರಿಗೂ ಬೆನ್ನು ತಿರುಗಿಸಿಲ್ಲ, ದಾಟಬೇಕಾದ ಸೇತುವೆ ಇಲ್ಲ. ಉಸಿರು ಬಂತು.

ನಮ್ಮಜ್ಜಿ ದೇವರಲ್ಲಿ ಹೂವಿನ ಪ್ರಸಾದ ಕೇಳುತ್ತಿದ್ದಳು. ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಊಹೂಂ. ಎಡಗಡೆ ಬಿದ್ದಾಗ ಅವಳಿಗೆ ಗಾಳಿ ಕಾಣುತ್ತಿತ್ತು, ಭಟ್ಟರು ಹೂವನ್ನು ಸರಿಯಾಗಿ ಇಟ್ಟಿರದಿದ್ದುದು ಕಾಣುತ್ತಿತ್ತು. ಇನ್ನೊಂದು ಹೂ ಇಡಿಸುತ್ತಿದ್ದಳು. ಕಾಲೇಜು ಸೇರಿದ ಹೊಸತರಲ್ಲಿ ನಾನು ಅದನ್ನು ಹೇಳಿ ಹೇಳಿ ನಕ್ಕಿದ್ದೇನೆ. ಅಜ್ಜಿಗೆ ಖರ್ಚಾಗುತ್ತಿದ್ದುದು ಒಂದು ಹೂವು. ನನಗೆ ಒಂದು ಕಟ್ಟಿಗೆ ಎರಡು ಸಾವಿರದ ಮೇಲೆ.

ಮೂರನೆಯ ಕಟ್ಟಿನ ಕಥೆ ಬೇಗ ಮುಗಿಯುತ್ತದೆ. ಅಲಿಸ್ಟರ್ ಕ್ರೌಲಿ ಹೇಳಿ, ಲೇಡಿ ಫ್ರೀಡಾ ಹ್ಯಾರಿಸ್ 1938ರಿಂದ ಐದಾರು ವರ್ಷ ಕೂತು ಬರೆದ ಥೋತ್ ಕಟ್ಟು. ಬಣ್ಣಗಳೇನೋ ಮೈಜುಮ್ಮೆನ್ನಿಸುವಂಥವು. ಆದರೆ ಅಲ್ಲಿ ಬಟ್ಟಲು ಐದರ ಕೆಳಗೆ ನಿರಾಶೆ ಎಂದು ಅಚ್ಚು ಹಾಕಿಯೇ ಬಿಟ್ಟಿದ್ದಾರೆ. ಬಟ್ಟಲುಗಳು ಬರಿದು, ಕಮಲ ಬಾಡಿದೆ. ಹರ್ಮಿಟ್ ಮುಖ ತೋರುವುದೇ ಇಲ್ಲ, ಕಾಲ ಬಳಿ ಮೂರು ತಲೆಯ ನಾಯಿ. ಒಂದು ವಾರ ಸಹಿಸಿಕೊಂಡು ಡಬ್ಬಿಗೆ ಹಾಕಿದೆ.

ನಾಲ್ಕನೆಯದು ಲಾಕ್‌ಡೌನ್ ಸಡಿಲವಾದ ಮೇಲೆ ಬಂತು. ವಿಸ್ಕೊಂಟಿ-ಸ್ಫೋರ್ಜಾ. ಹದಿನೈದನೆಯ ಶತಮಾನದ ಮಿಲಾನಿನ ದೊರೆಗಳಿಗಾಗಿ ಚಿನ್ನದ ರೇಕು ಹಚ್ಚಿ ಬರೆದ ಎಲೆಗಳು. ಮೂಲದಲ್ಲಿ ಉಳಿದಿರುವುದು 74. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ ಒಂದಿಷ್ಟು, ಇಟಲಿಯ ಬೆರ್ಗಾಮೋದಲ್ಲಿ ಒಂದಿಷ್ಟು ಹಂಚಿಹೋಗಿವೆ. ಸೈತಾನ, ಗೋಪುರ, ಕತ್ತಿ ಮೂರು, ನಾಣ್ಯದ ಸವಾರ ಈ ನಾಲ್ಕು ಸಿಕ್ಕಿಲ್ಲ. ಈಗ ಮಾರುವ ಪ್ರತಿಗಳಿಗೆ ಅವನ್ನು ಹೊಸದಾಗಿ ಬರೆದು ಸೇರಿಸುತ್ತಾರೆ. ಸೈತಾನನೂ ಕುಸಿಯುವ ಗೋಪುರವೂ ಕಳೆದುಹೋದ ಕಟ್ಟು ನನ್ನಂಥವಳಿಗೆ ಹೇಳಿಮಾಡಿಸಿದ್ದು ಅನ್ನಿಸಿತ್ತು. ಎಲೆಗಳ ಮೇಲೆ ಹೆಸರಿಲ್ಲ, ಸಂಖ್ಯೆಯೂ ಇಲ್ಲ. ಒಂದೊಂದೇ ತೆಗೆದು ಇದು ಯಾರು ಅಂತ ಗುರುತಿಸುತ್ತ ಹೋದೆ. ರಾಣಿ, ಪೋಪ್, ರಥ. ಬಿಳಿಗಡ್ಡದ ಮುದುಕ ಬಂದ. ಟೋಪಿ, ಕೋಲು. ನಮ್ಮ ಹರ್ಮಿಟ್ಟೇ.

ಕೈಯಲ್ಲಿ ಲಾಟೀನು ಇರಲಿಲ್ಲ. ಮರಳುಗಡಿಯಾರ ಇತ್ತು.

ಹಳೆಯ ಇಟಲಿಯಲ್ಲಿ ಈ ಎಲೆಗೆ ಸನ್ಯಾಸಿ ಎಂಬ ಹೆಸರು ಮಾತ್ರವಲ್ಲ, ಮುದುಕ, ಗೂನ, ಕಾಲ ಎಂಬ ಹೆಸರುಗಳೂ ಇದ್ದವು. ಅವನು ಏಕಾಂತ ಹುಡುಕಿ ಬೆಟ್ಟ ಹತ್ತಿದವನಲ್ಲ, ಹೊತ್ತು ಸೋರುವುದನ್ನು ನೋಡುತ್ತ ನಿಂತವನು. ಮುಂದೆ ಮರದಚ್ಚು ಕೆತ್ತುವವರ ಕೈಯಿಂದ ಕೈಗೆ ಚಿತ್ರ ದಾಟುವಾಗ ಯಾರೋ ಆ ಗಾಜಿನ ಗಡಿಯಾರವನ್ನು ಲಾಟೀನು ಎಂದು ಓದಿದರು ಎಂದು ಚರಿತ್ರೆಕಾರರು ಹೇಳುತ್ತಾರೆ. ಇದು ಮೊದಲ ತಪ್ಪೂ ಅಲ್ಲ. ಇಸ್ಪೀಟು ಯುರೋಪಿಗೆ ಬಂದದ್ದು ಈಜಿಪ್ಟಿನ ಮಾಮ್ಲೂಕರಿಂದ. ಅವರ ಎಲೆಗಳಲ್ಲಿ ಬಟ್ಟಲು, ನಾಣ್ಯ, ಕತ್ತಿಗಳ ಜೊತೆ ಪೋಲೋ ಆಟದ ಕೋಲು ಇತ್ತು. ಪೋಲೋ ಕಂಡಿರದ ಇಟಲಿಯವರು ಅದನ್ನು ಬರೀ ದೊಣ್ಣೆ ಮಾಡಿದರು. ಐನೂರು ವರ್ಷದ ತಪ್ಪು ಓದುಗಳ ಮೇಲೆ ಕೂತು ನಾನು ನನ್ನ ಮನಸ್ಸನ್ನು ಓದಿಕೊಳ್ಳುತ್ತಿದ್ದೆ.

ಅನುವಾದಕಿಯಾಗಿ ನನಗೆ ತಪ್ಪು ಓದಿನ ಮೇಲೆ ಕೋಪವಿಲ್ಲ. ಎಷ್ಟೋ ಸಲ ತಪ್ಪಿನಿಂದಲೇ ಸುಂದರವಾದದ್ದು ಹುಟ್ಟುತ್ತದೆ, ಲಾಟೀನು ನಿಜಕ್ಕೂ ಸುಂದರವಾಗಿದೆ. ಆದರೆ ಕೆತ್ತುವವನು ತಪ್ಪಿದ್ದು ತಿಳಿಯದೆ. ನಾನು ಅಪ್ಪನ ಕೈಯಲ್ಲಿದ್ದ ಗಡಿಯಾರವನ್ನು ತಿಳಿದೂ ತಿಳಿದೂ ನನ್ನ ಲಾಟೀನು ಮಾಡಿಕೊಂಡಿದ್ದೆ. ಆ ಹೊತ್ತಿಗೆ ಅವನಿಗೆ 81.

ಆ ವಾರವೇ ಓಡಿಹೋದೆ ಅಂತ ಬರೆಯಬಹುದಿತ್ತು. ಹೋದದ್ದು ಎರಡೂವರೆ ತಿಂಗಳ ನಂತರ, ಅದೂ ಒಂದು ಪುಸ್ತಕದ ಕೆಲಸ ಮುಗಿಸಿ. ಬ್ಯಾಗಿನಲ್ಲಿ ಎರಡು ಕಟ್ಟು ಇತ್ತು, ವಿಸ್ಕೊಂಟಿ ಮತ್ತು ಮಾರ್ಸೇಯ್. ತೋರಿಸಬೇಕೆಂದೇನೂ ಅಲ್ಲ. ಎರಡನೆಯ ದಿನ ಮಧ್ಯಾಹ್ನ ಜಗಲಿಯಲ್ಲಿ ಎಲೆ ಹರಡಿಕೊಂಡಿದ್ದಾಗ ಅಪ್ಪ ಬಂದು ಪಕ್ಕದಲ್ಲಿ ಕೂತ. ಮರಳುಗಡಿಯಾರದ ಮುದುಕನನ್ನು ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದ. ಈಗ ಕಾಲದ ಬಗ್ಗೆ ಏನೋ ಹೇಳುತ್ತಾನೆ ಅಂತ ಎದೆ ಬಿಗಿಹಿಡಿದೆ.

‘ಇವನಿಗೆ ಮೊಣಕಾಲು ನೋವು ಕಾಣ್ತದೆ’ ಅಂದ ಅಪ್ಪ. ‘ಕೋಲು ಹೆಂಗೆ ಹಿಡಿದಿದಾನೆ ನೋಡು.’

ಗಡಿಯಾರ ಅವನ ಕಣ್ಣಿಗೆ ಬೀಳಲೇ ಇಲ್ಲ. ನಾಲ್ಕು ಕಟ್ಟುಗಳ ಹರ್ಮಿಟ್ಟನನ್ನು ಅಷ್ಟು ದಿನ ನೋಡಿದ ನನಗೆ ಮೊಣಕಾಲು ಕಂಡಿರಲಿಲ್ಲ. ಆಮೇಲೆ ಒಂದೊಂದಾಗಿ ಗೊತ್ತಾಯಿತು: ತೋಟಕ್ಕೆ ಇಳಿಯದೆ ನಾಲ್ಕು ತಿಂಗಳಾಗಿದೆ, ಅಟ್ಟದ ಮೇಲಿನ ಹಾಸಿಗೆ ಕೆಳಗೆ ಬಂದಿದೆ, ಬಚ್ಚಲಿನ ಗೋಡೆಗೆ ಹಗ್ಗ ಕಟ್ಟಿಕೊಂಡಿದ್ದಾನೆ. ಫೋನಿನಲ್ಲಿ ಮಳೆಯ ಸುದ್ದಿ ಮಾತ್ರ ಇತ್ತು.

ಮಾರ್ಸೇಯ್ ಕಟ್ಟು ಅವನಿಗೆ ಹೆಚ್ಚು ಹಿಡಿಸಿತು. ಒಂದು ಕಾಲಕ್ಕೆ ಇಪ್ಪತ್ತೆಂಟರ ಆಟದಲ್ಲಿ ಊರಿಗೇ ಹೆಸರಾದವನು. ಎಲೆಗಳನ್ನು ಎಣಿಸಿ, ಜಾತಿವಾರು ಬೇರೆಮಾಡಿ, ಚಿತ್ರದ ಎಲೆಗಳ ರಾಶಿಯ ಮೇಲೆ ಬೆರಳಿಟ್ಟು ಕೇಳಿದ: ‘ಇದು ತುರುಪಾ?’

ಹೌದು, ಅದೇ. ಇಟಲಿಯಲ್ಲಿ 1440ರ ಸುಮಾರಿಗೆ ಈ ಎಲೆಗಳಿಗಿದ್ದ ಹೆಸರು ತ್ರಿಯೋನ್ಫಿ. ಇಂಗ್ಲಿಷಿನ ಟ್ರಂಪು, ನಮ್ಮ ತುರುಪು ಎಲ್ಲ ಅದೇ ಬಳ್ಳಿಯವು. ಮೂರು ಶತಮಾನಕ್ಕೂ ಹೆಚ್ಚು ಕಾಲ ಜನ ಇದನ್ನು ಆಡಿದರು, ಗೆದ್ದರು, ಸೋತರು. 1781ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬೆಲ್ಯಾಂ ಎಂಬ ಪಂಡಿತ ಇದು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನ ಎಂದು ಸಾರಿದ ಮೇಲೆಯೇ ಎಲೆಗಳಿಗೆ ಇಷ್ಟು ಗಾಂಭೀರ್ಯ ಬಂದದ್ದು. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋಂ ಬಿಡಿಸಿದ್ದು 1822ರಲ್ಲಿ. ಓದಲು ಬರುವ 41 ವರ್ಷ ಮೊದಲೇ ಈತನಿಗೆ ಅರ್ಥವಾಗಿತ್ತು. ನಗುವಂತಿಲ್ಲ, ನನ್ನ ಡೈರಿ ಇದೆಯಲ್ಲ.

ಫ್ರಾನ್ಸಿನಲ್ಲಿ ಇವತ್ತಿಗೂ ಆಡುವ ಆಟದ ನಿಯಮ ಅಪ್ಪನಿಗೆ ಹೇಳಿದೆ. ನಾಲ್ಕು ಜಾತಿಯ 56 ಎಲೆ, 21 ತುರುಪು, ಮೇಲೊಬ್ಬ ಪೆದ್ದ. ಈ ಪೆದ್ದನನ್ನು ಆಟದಲ್ಲಿ ಎಕ್ಸ್‌ಕ್ಯೂಸ್ ಅನ್ನುತ್ತಾರೆ. ವಿನಾಯಿತಿ ಅನ್ನಲೋ ನೆಪ ಅನ್ನಲೋ ಅಂತ ಒಂದು ಕ್ಷಣ ನಿಂತು, ನೆಪ ಅಂದೆ. ಕೇಳಿದ ಜಾತಿಯ ಎಲೆ ಹಾಕಲು ಮನಸ್ಸಿಲ್ಲದಾಗ ಇದನ್ನು ತೋರಿಸಿದರಾಯಿತು. ಗೆಲ್ಲುವುದಿಲ್ಲ, ಆದರೆ ಕಳೆದುಕೊಳ್ಳುವುದೂ ಇಲ್ಲ, ತೋರಿಸಿ ವಾಪಸ್ಸು ಇಟ್ಟುಕೊಳ್ಳಬಹುದು. ಕೊನೆಯ ಸುತ್ತಿನವರೆಗೂ ಕೈಯಲ್ಲೇ ಇಟ್ಟುಕೊಂಡರೆ ಮಾತ್ರ ಎದುರಾಳಿಯ ಪಾಲು.

ನಾಲ್ವರ ಆಟವನ್ನು ಇಬ್ಬರಿಗೆ ಹೇಗೋ ಹೊಂದಿಸಿಕೊಂಡೆವು. ಹತ್ತು ನಿಮಿಷದಲ್ಲಿ ಅಪ್ಪನಿಗೆ ಪೂರ್ತಿ ಹಿಡಿತ ಸಿಕ್ಕಿತ್ತು. ನನ್ನ ಕೈಗೆ ಒಂಬತ್ತು ಬಂದಿತ್ತು, ಸನ್ಯಾಸಿ. ಸ್ವಲ್ಪ ಹೆಮ್ಮೆಯಿಂದಲೇ ಇಳಿಸಿದೆ. ಅಪ್ಪ ಹತ್ತು ಹಾಕಿ, ಅದೃಷ್ಟದ ಚಕ್ರ, ಹೊಡೆದು ಎಳೆದುಕೊಂಡ. ‘ಸಣ್ಣ ತುರುಪು, ಇಷ್ಟು ಬೇಗ ಇಳಿಸ್ತಾರಾ’ ಅಂತ ಬೈದ. ಪೆದ್ದನೂ ನನ್ನ ಹತ್ತಿರವೇ ಇದ್ದ. ಮಾರ್ಸೇಯ್ ಕಟ್ಟಿನ ಪೆದ್ದ ಹೆಗಲಿಗೆ ಗಂಟು ಹಾಕಿ ಹೊರಟಿದ್ದಾನೆ, ಹಿಂದಿನಿಂದ ಒಂದು ಪ್ರಾಣಿ ಅವನ ಚಡ್ಡಿ ಹಿಡಿದು ಎಳೆಯುತ್ತಿದೆ. ಈಗ ಹಾಕಲೋ, ಆಮೇಲೆ ಹಾಕಲೋ, ಇನ್ನೂ ಕಷ್ಟದ ಸುತ್ತು ಬಂದರೆ ಬೇಕಾದೀತು ಅಂತ ಉಳಿಸಿಕೊಳ್ಳುತ್ತ ಹೋದೆ. ಸಂಜೆಯಾಗುತ್ತ ಬಂತು. ಕೈ ನೋಡಿಕೊಂಡರೆ ಉಳಿದದ್ದು ಅದೊಂದೇ ಎಲೆ.

ಹಾಕಿದೆ. ಅಪ್ಪ ತನ್ನ ಎಲೆ ಅದರ ಮೇಲಿಟ್ಟು, ಎರಡನ್ನೂ ತನ್ನ ರಾಶಿಗೆ ಸೇರಿಸಿಕೊಂಡ. ‘ನಿಯಮ ಹೇಳಿಕೊಟ್ಟವಳು ನೀನೇ’ ಅಂದ. ಆಮೇಲೆ ದೀಪ ಹಾಕಲು ಏಳಬೇಕೆಂದು ಒಂದು ಕೈ ಜಗಲಿಯ ಕಂಬಕ್ಕೆ ಚಾಚಿದ. ಕಂಬ ಎಟುಕಲಿಲ್ಲ. ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲಿಟ್ಟ, ಪೂರ್ತಿ ಭಾರ ಬಿಟ್ಟು.